ಬಾವುಟ ಒಂದೇ, ಗುಂಪು ಹಲವು: ಸಿಂಗಾರವೇಲು ಅವರ ಬದುಕು



*ಇಂದಿನ ಚಿಂತನೆ*

ರಾಯಚೂರು, ದೇವದುರ್ಗ, ಮಾನ್ವಿಯ ಧಮ್ಮ ಬಂಧುಗಳೇ,

ನಮ್ಮ ಜಿಲ್ಲೆಗೆ ಕೆಂಬಾವುಟ ಹೊಸದಲ್ಲ. ಕೂಲಿ ಹೆಚ್ಚಿಸಿ, ಭೂಮಿ ಕೊಡಿ ಎಂದು ಅದರ ಕೆಳಗೆ ಕೂತವರಲ್ಲಿ ನಮ್ಮ ಕೇರಿಯವರು ಬಹಳ. ಆದರೆ ಬಾವುಟದ ಬಣ್ಣ ಒಂದೇ ಆದರೂ ಸಂಘಟನೆಗಳು ಹಲವು. ಹಟ್ಟಿ ಚಿನ್ನದ ಗಣಿಯ ಕಾರ್ಮಿಕ ಸಂಘದ ಚುನಾವಣೆಯಲ್ಲಿ ಎಡಪಂಥದ ಸಂಘಗಳೇ ಎದುರುಬದುರು ನಿಲ್ಲುತ್ತವೆ. ಬಂಡವಾಳಶಾಹಿಯ ವಿರುದ್ಧ ಇವರೆಲ್ಲ ಒಂದಾಗಲು ಸಾಧ್ಯವೇ? ಇದನ್ನು ಯೋಚಿಸಲು ಇಂದು ಎಂ. ಸಿಂಗಾರವೇಲು ಅವರ ಬದುಕನ್ನು ನೋಡೋಣ. ಅವರು ಮೊದಲು ಬೌದ್ಧರು, ನಂತರ ಭಾರತದ ಮೊದಲ ಕಮ್ಯುನಿಸ್ಟರಲ್ಲಿ ಒಬ್ಬರು.

ಸಿಂಗಾರವೇಲು 1860ರ ಫೆಬ್ರವರಿ 18ರಂದು ಮದರಾಸಿನ ಮೀನುಗಾರ ಕುಟುಂಬದಲ್ಲಿ ಹುಟ್ಟಿದರು. ಓದಿ ವಕೀಲರಾದರು. ಬುದ್ಧನ ಕಡೆ ಒಲಿದು ಮದರಾಸಿನ ಮಹಾಬೋಧಿ ಸೊಸೈಟಿಯ ಕೆಲಸದಲ್ಲಿ ತೊಡಗಿದರು. ಪಿ. ಲಕ್ಷ್ಮೀ ನರಸು ಅವರ ಒಡನಾಡಿ. ನರಸು ಬರೆದ ಬೌದ್ಧ ಗ್ರಂಥವನ್ನೇ ಬಾಬಾಸಾಹೇಬರು 1948ರಲ್ಲಿ ಮುನ್ನುಡಿ ಬರೆದು ಮರುಮುದ್ರಿಸಿದರು. ಅದೇ ಕಾಲದಲ್ಲಿ ಮದರಾಸಿನಲ್ಲಿ ಪಂಡಿತ ಅಯೋತಿ ದಾಸರ ಶಾಕ್ಯ ಬೌದ್ಧ ಸಂಘವೂ ಇತ್ತು. ಅದರ ಶಾಖೆ ನಮ್ಮ ಕೆಜಿಎಫ್‌ನ ಮಾರಿಕುಪ್ಪಂವರೆಗೆ ಹಬ್ಬಿತ್ತು. ಧಮ್ಮವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂಬ ವಿಷಯದಲ್ಲಿ ದಾಸರಿಗೂ ಸಿಂಗಾರವೇಲು ಅವರಿಗೂ ಭಿನ್ನಾಭಿಪ್ರಾಯ ಇತ್ತು. ಗುಂಪು ಎಂಬುದು ಕೆಂಬಾವುಟದವರ ಕಾಯಿಲೆ ಮಾತ್ರ ಅಲ್ಲ.

1921ರಲ್ಲಿ ಅಸಹಕಾರ ಚಳವಳಿಗೆ ಓಗೊಟ್ಟು ಅವರು ವಕೀಲಿ ಗೌನನ್ನು ಬಹಿರಂಗವಾಗಿ ಸುಟ್ಟರು. ಅದೇ ವರ್ಷ ಮದರಾಸಿನ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಬಟ್ಟೆ ಗಿರಣಿಗಳಲ್ಲಿ ದೊಡ್ಡ ಮುಷ್ಕರ ನಡೆಯಿತು. ಸಿಂಗಾರವೇಲು ಮುಷ್ಕರ ಹೂಡಿದವರ ಜೊತೆ ನಿಂತರು. ಆದರೆ ಆದಿ ದ್ರಾವಿಡ ಕಾರ್ಮಿಕರಲ್ಲಿ ಹೆಚ್ಚಿನವರು ಮುಷ್ಕರದಿಂದ ದೂರ ಉಳಿದರು. ಅವರ ನಾಯಕ ಎಂ.ಸಿ. ರಾಜಾ ಮುಷ್ಕರವನ್ನು ವಿರೋಧಿಸಿದ್ದರು. ಪುಲಿಯಂತೋಪಿನಲ್ಲಿ ಕಾರ್ಮಿಕರೇ ಕಾರ್ಮಿಕರ ಗುಡಿಸಲಿಗೆ ಬೆಂಕಿ ಇಟ್ಟರು. ಮುಷ್ಕರ ಸೋತಿತು. ಗಿರಣಿಯೊಳಗೆ ಒಂದೇ ಮಾಲೀಕ, ಹೊರಗೆ ಬೇರೆ ಬೇರೆ ಕೇರಿ. ಕೇರಿಯ ಗೋಡೆ ಹಾಗೇ ಇರುವಾಗ ಗಿರಣಿಯ ಒಗ್ಗಟ್ಟು ಎಷ್ಟು ದಿನ ಉಳಿದೀತು?

1923ರ ಮೇ 1ರಂದು ಮದರಾಸಿನ ಕಡಲ ದಂಡೆಯಲ್ಲಿ ಸಿಂಗಾರವೇಲು ಮೇ ದಿನ ಆಚರಿಸಿದರು. ಭಾರತದಲ್ಲಿ ಅದೇ ಮೊದಲು. ಕಾರ್ಮಿಕರಿಗೂ ರೈತರಿಗೂ ಸೇರಿ ಒಂದು ಪಕ್ಷವನ್ನು ಅಂದೇ ಘೋಷಿಸಿದರು. 1925ರ ಡಿಸೆಂಬರ್‌ನಲ್ಲಿ ಕಾನ್ಪುರದಲ್ಲಿ ದೇಶದ ಬೇರೆ ಬೇರೆ ಕಮ್ಯುನಿಸ್ಟ್ ಗುಂಪುಗಳು ಸೇರಿದವು. ಸುಮಾರು 65 ವಯಸ್ಸಿನ ಸಿಂಗಾರವೇಲು ಅಧ್ಯಕ್ಷತೆ ವಹಿಸಿದರು. ಸಭೆ ಕರೆದವರು ಸತ್ಯಭಕ್ತ. ಪಕ್ಷದ ಹೆಸರು ಏನಿರಬೇಕು, ಹೊರದೇಶದ ಅಂತರರಾಷ್ಟ್ರೀಯ ಸಂಘಟನೆಯೊಂದಿಗೆ ನಂಟು ಇರಬೇಕೇ ಬೇಡವೇ ಎಂದು ಜಗಳ ಬಂತು. ಕೊನೆಗೆ ಸಭೆ ಕರೆದವರೇ ಹೊರನಡೆದು ಬೇರೆ ಪಕ್ಷ ಮಾಡಿದರು. ಒಂದಾಗಲು ಸೇರಿದ ಸಭೆಯಲ್ಲೇ ಮೊದಲ ಒಡಕು!

ಸಿಂಗಾರವೇಲು ಅದಕ್ಕೆ ಕೈಚೆಲ್ಲಲಿಲ್ಲ. 1928ರಲ್ಲಿ ದಕ್ಷಿಣ ಭಾರತ ರೈಲ್ವೆ ಮುಷ್ಕರದಲ್ಲಿ ಬಂಧನಕ್ಕೊಳಗಾಗಿ 10 ವರ್ಷದ ಶಿಕ್ಷೆಗೆ ಗುರಿಯಾದರು. ಶಿಕ್ಷೆ ಕಡಿಮೆಯಾಗಿ 1930ರಲ್ಲಿ ಹೊರಬಂದರು. 1932ರಲ್ಲಿ ಪೆರಿಯಾರ್ ಜೊತೆ ಸೇರಿ ಜಾತಿ ನಾಶ ಮತ್ತು ಸಮಾಜವಾದ ಎರಡನ್ನೂ ಹೊಂದಿಸಿದ ಈರೋಡ್ ಕಾರ್ಯಕ್ರಮ ರೂಪಿಸಿದರು. 1934ರಲ್ಲಿ ಬ್ರಿಟಿಷ್ ಸರ್ಕಾರ ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸಿತು. ಆಮೇಲೆ ಪೆರಿಯಾರ್ ಆ ಕಾರ್ಯಕ್ರಮವನ್ನು ಬದಿಗಿಟ್ಟರು, ಇಬ್ಬರ ದಾರಿ ಬೇರೆಯಾಯಿತು. 1946ರ ಫೆಬ್ರವರಿ 11ರಂದು ಸಿಂಗಾರವೇಲು ಪರಿನಿಬ್ಬಾಣ ಹೊಂದಿದರು.

ಅವರ ನಂತರ ಒಡಕು ಇನ್ನೂ ಹೆಚ್ಚಿತು. 1964ರಲ್ಲಿ ಪಕ್ಷ ಎರಡಾಯಿತು. 1969ರಲ್ಲಿ ನಕ್ಸಲ್‌ಬಾರಿಯ ಹಿನ್ನೆಲೆಯಲ್ಲಿ ಮೂರನೆಯದು ಬಂತು, ಅದೂ ಹಲವು ಚೂರಾಯಿತು. ಪಕ್ಷ ಹುಟ್ಟಿದ ದಿನದ ಬಗ್ಗೆಯೂ ಒಮ್ಮತ ಇಲ್ಲ. ಸಿಪಿಐ 1925ರ ಕಾನ್ಪುರ ಎನ್ನುತ್ತದೆ, ಸಿಪಿಎಂ 1920ರ ತಾಷ್ಕೆಂಟ್ ಎನ್ನುತ್ತದೆ.

ಹಾಗಾದರೆ ಒಂದಾಗಲು ಸಾಧ್ಯವೇ ಇಲ್ಲವೇ? ಬಾಬಾಸಾಹೇಬರನ್ನು ನೆನೆಯೋಣ. 1928ರಲ್ಲಿ ಮುಂಬೈ ಗಿರಣಿಗಳ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನು ಬಿಡುತ್ತಿರಲಿಲ್ಲ. ಅಲ್ಲಿ ಕೂಲಿ ಹೆಚ್ಚು. ಮುಷ್ಕರ ಮಾಡುವ ಸಂಘ ಈ ತಾರತಮ್ಯವನ್ನೂ ಬೇಡಿಕೆಗೆ ಸೇರಿಸಬೇಕೆಂದು ಅವರು ಪಟ್ಟು ಹಿಡಿದರು. ಹತ್ತು ವರ್ಷದ ನಂತರ, 1938ರ ನವೆಂಬರ್ 7ರಂದು, ಕೈಗಾರಿಕಾ ವಿವಾದ ಮಸೂದೆಯ ವಿರುದ್ಧ ಕಮ್ಯುನಿಸ್ಟರ ಜೊತೆಯೇ ನಿಂತು ಮುಂಬೈಯಲ್ಲಿ ಮುಷ್ಕರ ನಡೆಸಿದರು. ಅವರ ಮಾರ್ಗದ ಬಗ್ಗೆ ತಕರಾರು ಇತ್ತು, ಅದನ್ನು ಮುಚ್ಚಿಡಲಿಲ್ಲ. ಆದರೂ ಕೆಲಸ ಒಂದಾಗಿತ್ತು.

ಕೋಸಂಬಿಯ ಭಿಕ್ಖುಗಳ ಜಗಳ ನಮಗೆಲ್ಲ ಗೊತ್ತು. ಬಚ್ಚಲಿನ ಚೊಂಬಿನಲ್ಲಿ ಉಳಿಸಿದ ನೀರಿನಿಂದ ಶುರುವಾಗಿ ಸಂಘವೇ ಎರಡಾಯಿತು. ಭಗವಾನರು ಬುದ್ಧಿ ಹೇಳಿದರೂ ಕೇಳಲಿಲ್ಲ, ಅವರು ಕಾಡಿಗೆ ನಡೆದರು. ಆಗ ಊರಿನ ಉಪಾಸಕರು ಎರಡೂ ಪಕ್ಷಕ್ಕೆ ಭಿಕ್ಷೆ ನಿಲ್ಲಿಸಿದರು. ಹೊಟ್ಟೆ ಹಸಿದ ಮೇಲೆ ಭಿಕ್ಖುಗಳು ಭಗವಾನರ ಬಳಿ ಹೋಗಿ ಜಗಳ ಮುಗಿಸಿಕೊಂಡರು.

ಸಿಂಗಾರವೇಲು ಅವರ ಬದುಕಿನಿಂದ ನಾವು ಕಲಿಯಬೇಕಾದದ್ದೂ ಇದೇ. ಹೆಸರು, ಸಿದ್ಧಾಂತ, ಹುಟ್ಟಿದ ದಿನ ಇವುಗಳ ಮೇಲೆ ನಾಯಕರು ಒಂದಾಗುವುದು ಕಷ್ಟ. ಕೂಲಿ, ಭೂಮಿ, ಗುಳೆ ಹೋಗುವವರ ಗೋಳು ಇವುಗಳ ಮೇಲೆ ಕೆಳಗಿನವರು ಕೇಳಿದರೆ ಒಂದಾಗಲೇಬೇಕಾಗುತ್ತದೆ. ಚಂದಾ, ಮತ, ಮೆರವಣಿಗೆಯ ಜನ ಎಲ್ಲವೂ ನಮ್ಮ ಕೇರಿಯಿಂದಲೇ ಹೋಗುತ್ತವೆ. ಅಂದರೆ ಭಿಕ್ಷಾಪಾತ್ರೆ ತುಂಬುವವರು ನಾವೇ. ಆದರೆ ಜಾತಿಯ ಪ್ರಶ್ನೆ ಆಮೇಲೆ ನೋಡೋಣ ಎನ್ನುವ ಒಗ್ಗಟ್ಟು 1921ರ ಗಿರಣಿಯ ದಾರಿಯನ್ನೇ ಹಿಡಿಯುತ್ತದೆ.

*ಇಂದು ಯೋಚಿಸಲು:* ನೀಲಿ ಬಾವುಟದ ಕೆಳಗೂ ನಮ್ಮಲ್ಲಿ ಹಲವು ಬಣಗಳಿವೆ. ನಿಮ್ಮ ಊರಿನಲ್ಲಿ ಅವೆಲ್ಲ ಸೇರಿ ಈ ತಿಂಗಳು ಮಾಡಬಹುದಾದ ಒಂದು ಕೆಲಸ ಯಾವುದು? ಸಂಜೆ ವಂದನೆಯ ನಂತರ ಮನೆಯವರೊಂದಿಗೆ ಮಾತಾಡಿ.