ಕಾನನ್ ಡಾಯ್ಲ್

ಪತ್ತೇದಾರ ಷರ್ಲಾಕ್ ಹೋಮ್ಸನ ಹೆಸರನ್ನು ಕೇಳದವರು ವಿರಳ. ಅವನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲನ ಬಾಳನ್ನು ಬಲ್ಲವರು ಅಷ್ಟು ಮಂದಿಯಿಲ್ಲ. 1859ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದ ಡಾಯ್ಲ್ ಅಲ್ಲಿಯೇ ವೈದ್ಯಶಾಸ್ತ್ರವನ್ನು ಅಭ್ಯಸಿಸಿದನು. ಅವನ ಗುರು ಜೋಸೆಫ್ ಬೆಲ್ ರೋಗಿಯ ನಡೆಯನ್ನೂ ಕೈಗಳನ್ನೂ ನೋಡಿಯೇ ಆತನ ಕಸುಬನ್ನು ಊಹಿಸಬಲ್ಲವನಾಗಿದ್ದನು. ಹೋಮ್ಸನಿಗೆ ಮಾದರಿ ಈ ಗುರುವೇ.

ಡಾಯ್ಲನ ಚಿಕಿತ್ಸಾಲಯಕ್ಕೆ ರೋಗಿಗಳು ಬರುತ್ತಿದ್ದುದು ಕಡಿಮೆ. ಆ ಬಿಡುವಿನಲ್ಲಿ ಬರೆದ ಮೊದಲ ಹೋಮ್ಸ್ ಕಾದಂಬರಿಯು 1887ರಲ್ಲಿ ಪ್ರಕಟವಾಯಿತು. ಅದರ ಹಕ್ಕಿಗೆ ದೊರೆತದ್ದು ಕೇವಲ 25 ಪೌಂಡು. ಮುಂದೆ ಕೀರ್ತಿ ಬಂದಿತು, ಹಣವೂ ಬಂದಿತು. ಆದರೆ ಐತಿಹಾಸಿಕ ಕಾದಂಬರಿಗಳನ್ನೇ ತನ್ನ ಶ್ರೇಷ್ಠ ಕೃತಿಗಳೆಂದು ನಂಬಿದ್ದ ಅವನಿಗೆ ಹೋಮ್ಸ್ ಹೊರೆಯಾದನು. 1893ರ ಕಥೆಯೊಂದರಲ್ಲಿ ಅವನನ್ನು ಜಲಪಾತಕ್ಕೆ ಕೆಡವಿಬಿಟ್ಟನು. ಓದುಗರು ಬಿಡಲಿಲ್ಲ, 1903ರಲ್ಲಿ ಮತ್ತೆ ಬದುಕಿಸಬೇಕಾಯಿತು! 1912ರ ‘ದಿ ಲಾಸ್ಟ್ ವರ್ಲ್ಡ್’ ಎಂಬ ವೈಜ್ಞಾನಿಕ ಕಾದಂಬರಿಯಲ್ಲಿ ಅಳಿದುಹೋದ ದೈತ್ಯ ಸರೀಸೃಪಗಳಿಗೂ ಜೀವವಿತ್ತನು.

ಈ ನಡುವೆ ನಡೆದ ಘಟನೆಯೊಂದು ಯಾವ ಕಥೆಗೂ ಕಡಿಮೆಯಾದುದಲ್ಲ. ಮುಂಬಯಿ ಮೂಲದ ಪಾರ್ಸಿ ಪಾದ್ರಿಯೊಬ್ಬನ ಮಗ ಜಾರ್ಜ್ ಎಡಲ್ಜಿ ಇಂಗ್ಲೆಂಡಿನಲ್ಲಿ ವಕೀಲನಾಗಿದ್ದನು. ರಾತ್ರಿವೇಳೆ ಕುದುರೆಯೊಂದರ ಹೊಟ್ಟೆಯನ್ನು ಸೀಳಿದನೆಂದು 1903ರಲ್ಲಿ ಅವನಿಗೆ 7 ವರ್ಷಗಳ ಶಿಕ್ಷೆಯಾಯಿತು. 3 ವರ್ಷಗಳ ಬಳಿಕ ಬಿಡುಗಡೆಯಾದರೂ ಕಳಂಕ ಅಳಿಯಲಿಲ್ಲ. ಅವನನ್ನು ಕಾಣಲು ಹೋದ ಡಾಯ್ಲ್, ಆತ ವೃತ್ತಪತ್ರಿಕೆಯನ್ನು ಕಣ್ಣಿಗೆ ತೀರ ಹತ್ತಿರ ಹಿಡಿದಿದ್ದುದನ್ನು ದೂರದಿಂದಲೇ ಗಮನಿಸಿದನು. ಇಂತಹ ಮಂದದೃಷ್ಟಿಯವನು ಕತ್ತಲಲ್ಲಿ ಹೊಲಗಳನ್ನು ದಾಟಿ ಆ ಕೃತ್ಯವೆಸಗುವುದು ಸಾಧ್ಯವೇ? ಡಾಯ್ಲ್ ಪತ್ರಿಕೆಯಲ್ಲಿ ಬರೆದನು, ಅಧಿಕಾರಿಗಳನ್ನು ಕಾಡಿದನು. 1907ರಲ್ಲಿ ಸರ್ಕಾರವು ಎಡಲ್ಜಿಯನ್ನು ಆ ಅಪರಾಧದಿಂದ ಮುಕ್ತಗೊಳಿಸಿತು. ಪರಿಹಾರವೆಂದು ಒಂದು ಕಾಸನ್ನೂ ಕೊಡಲಿಲ್ಲ. ಅದೇ ವರ್ಷ ನಡೆದ ಡಾಯ್ಲನ ಎರಡನೆಯ ವಿವಾಹದ ಔತಣಕ್ಕೆ ಎಡಲ್ಜಿಯೂ ಅತಿಥಿಯಾಗಿ ಬಂದಿದ್ದನು.