ಭಿಕ್ಷುಕನ ವೇಷದಲ್ಲಿ ಬಂದ ಗುರು: ಸಂತ ಜೋಸೆಫ್ ವಾಜ್

ದೇವಾಲಯದ ಗಂಟೆ ಮೊಳಗುವುದು, ಬಾಗಿಲು ತೆರೆಯುವುದು, ನಾವು ನಿರ್ಭಯರಾಗಿ ಬಲಿಪೂಜೆಯಲ್ಲಿ ಭಾಗವಹಿಸಿ ಮನೆಗೆ ಮರಳುವುದು, ಇವೆಲ್ಲವೂ ನಮಗೆ ಉಸಿರಾಟದಷ್ಟೇ ಸಹಜವಾಗಿಬಿಟ್ಟಿವೆ. ಆದರೆ ನಮಗೆ ಅತಿ ಸಮೀಪದ ಲಂಕಾದ್ವೀಪದಲ್ಲಿ ಗಂಟೆಯೂ ಇಲ್ಲದೆ, ಗುರುಗಳೂ ಇಲ್ಲದೆ ಸುಮಾರು ಮೂವತ್ತು ವರ್ಷ ವಿಶ್ವಾಸವನ್ನು ಕಾಯ್ದುಕೊಂಡ ಜನರಿದ್ದರು. ಅವರನ್ನು ಅರಸಿಕೊಂಡು ಹೋದ ಗುರುವರ್ಯರು ಅದಕ್ಕೆ ಮೊದಲು ನಮ್ಮ ಕನ್ನಡ ಕರಾವಳಿಯಲ್ಲಿ ಸೇವೆ ಸಲ್ಲಿಸಿದವರು. ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ಅವರನ್ನು ಸ್ಮರಿಸುವುದು ಯುಕ್ತವೆಂದು ಭಾವಿಸುತ್ತೇವೆ.

ಜೋಸೆಫ್ ವಾಜ್ ಅವರು 1651ರ ಏಪ್ರಿಲ್ 21ರಂದು ಗೋವೆಯಲ್ಲಿ, ತಾಯಿಯ ಊರಾದ ಬೆನೌಲಿಂನಲ್ಲಿ ಜನಿಸಿದರು. ತಂದೆ ಕ್ರಿಸ್ತೋವಾಂವ್ ವಾಜ್ ಸಾಂಕ್ವಾಳದವರು. ತಾಯಿ ಮರಿಯಾ ದೆ ಮಿರಾಂದಾ. ಕೊಂಕಣಿ ಮಾತೃಭಾಷೆಯ ಈ ಬಾಲಕ 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ಆಗಸ್ಟ್ 5ರಂದು ತಮ್ಮನ್ನು ದೇವಮಾತೆಯ ದಾಸನೆಂದು ಬರೆದುಕೊಟ್ಟ ಪತ್ರಕ್ಕೆ ಸಹಿಹಾಕಿದರು. ಆ ಪತ್ರ ಬರಿಯ ಭಕ್ತಿಯ ಆವೇಶವಾಗಿರಲಿಲ್ಲವೆಂಬುದಕ್ಕೆ ಅವರ ಮುಂದಿನ ಬದುಕೇ ಸಾಕ್ಷಿ.

1681ರಲ್ಲಿ ಅವರು ಕೆನರಾ ಪ್ರಾಂತದ ಹೊಣೆ ಹೊತ್ತು ಮಂಗಳೂರಿಗೆ ಬಂದರು. ಆಗ ಈ ಸೀಮೆ ಕೆಳದಿಯ ಅರಸರ ಆಳ್ವಿಕೆಗೆ ಒಳಪಟ್ಟಿತ್ತು. ರಾಣಿ ಚೆನ್ನಮ್ಮಾಜಿ ಆಳುತ್ತಿದ್ದ ಕಾಲವದು. ದೇವಾಲಯಗಳು ಶಿಥಿಲವಾಗಿದ್ದವು. ಸಾಲದೆಂಬಂತೆ, ಪೋರ್ತುಗಲ್ ಅರಸನ ಪದ್ರುವಾದೊ ಹಕ್ಕಿನವರಿಗೂ ರೋಮ್ ನಗರದಿಂದ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರಿಗೂ ಅಧಿಕಾರದ ವ್ಯಾಜ್ಯ ನಡೆದಿತ್ತು. ಯಾರ ಅಧಿಕಾರ ಸರಿಯೆಂದು ಹಿರಿಯರು ವಾದಿಸುತ್ತಿದ್ದಾಗ ಸಂಸ್ಕಾರಗಳಿಗಾಗಿ ಹಾತೊರೆಯುತ್ತಿದ್ದವರು ಬಡ ವಿಶ್ವಾಸಿಗಳು. ಈ ಕಲಹದ ನಡುವೆ ವಾಜ್ ಅವರು ಸೌಮ್ಯವಾಗಿ ನಡೆದುಕೊಂಡು ಊರಿಂದ ಊರಿಗೆ ತಿರುಗಿ ಜನರನ್ನು ಒಗ್ಗೂಡಿಸಿದರು. ಮಂಗಳೂರಿನ ಬಳಿಯ ಮುಡಿಪುವಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. ನಮ್ಮ ಓದುಗರಲ್ಲಿ ಅನೇಕರು ಆ ಗುಡ್ಡವನ್ನು ಏರಿದವರೇ ಆಗಿರಬಹುದು.

1684ರಲ್ಲಿ ಗೋವೆಗೆ ಮರಳಿದ ಅವರು ಮರುವರ್ಷ ಅಲ್ಲಿನ ಗುರುಗಳ ಒರಾಟೊರಿ ಸಭೆಯನ್ನು ಸೇರಿ ಅದರ ಶ್ರೇಷ್ಠರಾದರು. ಆದರೆ ಅವರ ಮನಸ್ಸು ಲಂಕೆಯತ್ತ ನೆಟ್ಟಿತ್ತು. 1656ರಲ್ಲಿ ಕೊಲಂಬೋ, 1658ರಲ್ಲಿ ಜಾಫ್ನಾ ಡಚ್ಚರ ವಶವಾಗಿದ್ದವು. ಕಾಲ್ವಿನನ ಪಂಥಕ್ಕೆ ಸೇರಿದ ಡಚ್ಚರು ಕಥೋಲಿಕ ಗುರುಗಳನ್ನು ಹೊರಗಟ್ಟಿ, ಬಲಿಪೂಜೆಯನ್ನು ನಿಷೇಧಿಸಿ, ಗುರುವೊಬ್ಬರಿಗೆ ಆಶ್ರಯ ನೀಡಿದವರಿಗೆ ಮರಣದಂಡನೆ ಎಂದು ಸಾರಿದ್ದರು. ಕ್ರಿಸ್ತನ ನಾಮವನ್ನು ಹೇಳುವವರೇ ಕ್ರಿಸ್ತನ ಬಲಿಪೂಜೆಗೆ ತಡೆಯೊಡ್ಡಿದ್ದರೆಂಬುದು ನಾವು ಮರೆಯಬಾರದ ನೋವು.

1686ರಲ್ಲಿ ವಾಜ್ ಅವರು ಗೋವೆಯನ್ನು ಬಿಟ್ಟರು; ಮತ್ತೆ ಅದನ್ನು ನೋಡಲಿಲ್ಲ. ತೂತ್ತುಕುಡಿಯಿಂದ ಬಡ ಕೂಲಿಯಾಳಿನಂತೆ ಉಡುಪು ಧರಿಸಿ, ಜಾನ್ ಎಂಬ ನಿಷ್ಠಾವಂತ ಸೇವಕನೊಡನೆ ದೋಣಿಯೇರಿ 1687ರಲ್ಲಿ ಜಾಫ್ನಾ ಸೇರಿದರು. ಹಸಿವು, ಭೇದಿರೋಗಗಳಿಂದ ಸಾಯುವ ಸ್ಥಿತಿ ತಲುಪಿದ್ದರು. ಚೇತರಿಸಿಕೊಂಡ ಮೇಲೆ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೊರಟರು. ಅದೇ ಅವರ ಉಪಾಯ. ಭಿಕ್ಷೆ ನೀಡುವವರ ಕಣ್ಣು ಜಪಸರದ ಮೇಲೆ ನಿಂತು ಅರಳಿದರೆ ಅದು ಕಥೋಲಿಕರ ಮನೆಯೆಂದು ಅವರು ಅರಿಯುತ್ತಿದ್ದರು. ಬಹುಕಾಲ ಪರೀಕ್ಷಿಸಿದ ಬಳಿಕವೇ ತಾವು ಗುರುವೆಂದು ತಿಳಿಸಿದರು. ಅನಂತರ ರಾತ್ರಿಗಳಲ್ಲಿ ಬಾಗಿಲು ಮುಚ್ಚಿದ ಮನೆಗಳಲ್ಲಿ ಬಲಿಪೂಜೆ, ಪಾಪನಿವೇದನೆ, ಜ್ಞಾನಸ್ನಾನಗಳು ನಡೆದವು. ಸಿಲ್ಲಾಲೆ ಗ್ರಾಮದವರು ಅವರನ್ನು ಬಚ್ಚಿಟ್ಟು ಕಾಪಾಡಿದರು. ಸಿಕ್ಕಿಬಿದ್ದರೆ ಪ್ರಾಣ ತೆರಬೇಕಾದವರು ಗುರುಗಳಷ್ಟೇ ಅಲ್ಲ, ಆ ಮನೆಯವರೂ ಹೌದು. ಅವರ ಹೆಸರುಗಳು ಯಾವ ಗ್ರಂಥದಲ್ಲಿಯೂ ವಿಸ್ತಾರವಾಗಿ ದಾಖಲಾಗಿಲ್ಲ.

1689ರ ಕ್ರಿಸ್ತ ಜಯಂತಿಯ ರಾತ್ರಿ ಡಚ್ ಸೈನಿಕರು ಪೂಜೆಗೆ ನೆರೆದಿದ್ದವರ ಮೇಲೆರಗಿದರು. ಗುರುಗಳು ಅವರ ಕೈಗೆ ಸಿಗಲಿಲ್ಲ. ಸಿಕ್ಕವರಲ್ಲಿ ಪ್ರಮುಖರಾದವರಿಗೆ ಛಡಿಯೇಟು, ಸೆರೆವಾಸಗಳು ಪ್ರಾಪ್ತವಾದವು. ಒಬ್ಬರು ಏಟು ತಾಳಲಾರದೆ ಪ್ರಾಣಬಿಟ್ಟರು.

ವಾಜ್ ಅವರು ಪುತ್ತಳಂ ಮಾರ್ಗವಾಗಿ 1692ರಲ್ಲಿ ಕ್ಯಾಂಡಿಗೆ ತೆರಳಿದರು. ಅದು ಬೌದ್ಧ ಅರಸನಾದ ಎರಡನೆಯ ವಿಮಲಧರ್ಮಸೂರ್ಯನ ರಾಜಧಾನಿ. ಅಲ್ಲಿ ಅವರನ್ನು ಪೋರ್ತುಗೀಸರ ಗೂಢಚಾರನೆಂದು ಯಾರೋ ದೂರಿತ್ತುದರಿಂದ ಸೆರೆಮನೆ ಕಾದಿತ್ತು. ಅಲ್ಲಿಯೇ ಸಿಂಹಳ ಭಾಷೆ ಕಲಿತರು. ಅಲ್ಲಿಯೇ ಪುಟ್ಟ ಪೂಜಾಸ್ಥಾನ ಕಟ್ಟಿಕೊಂಡರು. ಅರಸನು ಕ್ರಮೇಣ ಈತ ಬೇಹುಗಾರನಲ್ಲ, ದೇವರನ್ನು ಹುಡುಕುವವನೆಂದು ಅರಿತನು. ಬರಗಾಲದಲ್ಲಿ ಅವರ ಪ್ರಾರ್ಥನೆಯಿಂದ ಮಳೆ ಸುರಿಯಿತೆಂದೂ, ಅವರು ನಿಲ್ಲಿಸಿದ ಪೀಠ ಮಾತ್ರ ಒದ್ದೆಯಾಗಲಿಲ್ಲವೆಂದೂ ಸಂಪ್ರದಾಯ ಹೇಳುತ್ತದೆ. ಅನಂತರ ಅರಸನು ಅವರಿಗೆ ತನ್ನ ರಾಜ್ಯದಲ್ಲಿ ಸುವಾರ್ತೆ ಸಾರಲು ಅನುಮತಿ ನೀಡಿದನು. ಕ್ರೈಸ್ತ ಅಧಿಕಾರಿಗಳು ಕಸಿದುಕೊಂಡ ಸ್ವಾತಂತ್ರ್ಯವನ್ನು ಬೌದ್ಧ ಅರಸನೊಬ್ಬ ಅನುಗ್ರಹಿಸಿದ್ದು ದೇವರ ವಿಚಿತ್ರ ಲೀಲೆಯೇ ಸರಿ.

ಮಳೆಯ ಕಥೆಯನ್ನು ಜನ ಇಂದಿಗೂ ಹೇಳುತ್ತಾರೆ. ಆದರೆ ನಮ್ಮ ದೃಷ್ಟಿಯಲ್ಲಿ 1697ರ ಘಟನೆ ಅದಕ್ಕಿಂತ ಮಿಗಿಲು. ಕ್ಯಾಂಡಿಯಲ್ಲಿ ಸಿಡುಬು ಹರಡಿತು. ರೋಗಿಗಳನ್ನು ಬಂಧುಗಳೇ ಕಾಡಿಗೆ ಬಿಟ್ಟು ಓಡುತ್ತಿದ್ದರು. ವಾಜ್ ಅವರು ಆಗಷ್ಟೇ ಗೋವೆಯಿಂದ ಬಂದಿದ್ದ ಸಹೋದರಗುರು ಜೋಸೆಫ್ ಕಾರ್ವಾಲ್ಯೊ ಅವರೊಡನೆ ಆ ಕಾಡಿಗೆ ಹೋಗಿ, ಗುಡಿಸಲು ಕಟ್ಟಿ, ಗಾಯ ತೊಳೆದು, ಗಂಜಿ ಕುಡಿಸಿ, ಸತ್ತವರಿಗೆ ಗುಂಡಿ ತೋಡಿ ಮಣ್ಣು ಕೊಟ್ಟರು. ಕ್ರೈಸ್ತನೋ ಬೌದ್ಧನೋ ಎಂದು ಕೇಳಲಿಲ್ಲ. ಅರಸನ ಒಲವು ಇನ್ನಷ್ಟು ದೃಢವಾದುದು ಈ ಸೇವೆಯಿಂದ.

ಮುಂದೆ ಗೋವೆಯಿಂದ ಹೆಚ್ಚಿನ ಗುರುಗಳು ಬಂದರು. 1705ರಲ್ಲಿ ಬಂದ ಜಾಕೊಮ್ ಗೊನ್ಸಾಲ್ವಿಸ್ ಅವರು ಸಿಂಹಳದಲ್ಲಿ ಕ್ರೈಸ್ತ ಸಾಹಿತ್ಯವನ್ನು ಸೃಷ್ಟಿಸಿದರು. ಪೋಪರ ಪ್ರತಿನಿಧಿಯಾಗಿ ಪುದುಚೇರಿಗೆ ಬಂದಿದ್ದ ತುರ್ನೋ ಅವರು ವಾಜ್ ಅವರನ್ನು ಧರ್ಮಾಧ್ಯಕ್ಷ ಪದವಿಗೇರಿಸಬಯಸಿದಾಗ ಅವರು ಅದನ್ನು ನಯವಾಗಿ ನಿರಾಕರಿಸಿದರು. ಡಚ್ಚರ ಊರುಗಳಿಗೆ ಮರೆವೇಷದಲ್ಲಿ ಹೋಗಿಬರುವುದನ್ನು ಮಾತ್ರ ದೇಹ ಸೋಲುವವರೆಗೂ ಬಿಡಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ, ತಮ್ಮ ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು.

1995ರಲ್ಲಿ ಎರಡನೆಯ ಜಾನ್ ಪೌಲ್ ಪೋಪರು ಅವರಿಗೆ ಪುನೀತ ಪದವಿಯನ್ನೂ, 2015ರ ಜನವರಿ 14ರಂದು ಫ್ರಾನ್ಸಿಸ್ ಪೋಪರು ಸಂತ ಪದವಿಯನ್ನೂ ನೀಡಿದರು. ಎರಡು ಸಮಾರಂಭಗಳೂ ಕೊಲಂಬೋದ ಗಾಲ್ ಫೇಸ್ ಮೈದಾನದಲ್ಲಿ, ಸಾರ್ವಜನಿಕವಾಗಿ, ಹಗಲ ಬೆಳಕಿನಲ್ಲಿ ನಡೆದವು. ಕ್ಯಾಂಡಿಯ ಮಣ್ಣಿನಲ್ಲಿ ಅವರ ಸಮಾಧಿ ಎಲ್ಲಿದೆಯೆಂಬುದು ಮಾತ್ರ ಇದುವರೆಗೆ ಪತ್ತೆಯಾಗಿಲ್ಲ.