ಹೇಡನ್ನನ ಒಂದು ಸೋನಾಟಾ

ಆಸ್ಟ್ರಿಯಾ ದೇಶದ ರೋರಾವ್ ಗ್ರಾಮದಲ್ಲಿ 1732ರಲ್ಲಿ ಜನಿಸಿದ ಜೋಸೆಫ್ ಹೇಡನ್ ಬಂಡಿಯ ಗಾಲಿ ಮಾಡುವವನೊಬ್ಬನ ಮಗ. ವಿಯೆನ್ನಾದ ಸಂತ ಸ್ಟೀಫನ್ ದೇವಾಲಯದಲ್ಲಿ ಹಾಡುತ್ತಿದ್ದ ಬಾಲಕ, ಕಂಠವೊಡೆದಾಗ ಬೀದಿಪಾಲಾದನು. 1761ರಲ್ಲಿ ಎಸ್ಟರ್‌ಹಾಜಿ ಪ್ರಭುಗಳ ಆಸ್ಥಾನದಲ್ಲಿ ಅವನಿಗೆ ಆಶ್ರಯ ದೊರೆಯಿತು. ಅನ್ನಕ್ಕೆ ಕೊರತೆಯಿರಲಿಲ್ಲ, ಆದರೆ ಊಳಿಗದವರಂತೆ ಸಮವಸ್ತ್ರ ತೊಡಬೇಕಾಗಿತ್ತು, ತಾನು ರಚಿಸಿದುದನ್ನು ಪ್ರಭುವಿನ ಅಪ್ಪಣೆಯಿಲ್ಲದೆ ಅನ್ಯರಿಗೆ ಕೊಡುವಂತಿರಲಿಲ್ಲ.

1771ರಲ್ಲಿ ಅವನು ಸಿ ಮೈನರ್ ಶ್ರುತಿಯ ಸೋನಾಟಾ ಒಂದನ್ನು ಬರೆಯತೊಡಗಿದನು. ಅವನ ಮೊದಮೊದಲ ಸೋನಾಟಾಗಳಲ್ಲಿ ಹಲವು ಶಿಷ್ಯರ ಅಭ್ಯಾಸಕ್ಕೆ ಒದಗಿದ ಲಘುಕೃತಿಗಳು, ಇದು ಹಾಗಲ್ಲ. ಮೂರು ಭಾಗಗಳ ಈ ಕೃತಿಯ ಮೊದಲ ಭಾಗ ವಿಷಾದದ ಶ್ರುತಿಯಲ್ಲಿ ಆರಂಭವಾಗಿ, ಪ್ರಸನ್ನವಾದ ಮತ್ತೊಂದು ಶ್ರುತಿಗೆ ಸಾಗಿ, ನಡುವೆ ನಾನಾ ಶ್ರುತಿಗಳಲ್ಲಿ ಅಲೆದು, ಹೊರಟ ನೆಲೆಗೇ ಮರಳುತ್ತದೆ. ಮರಳಿದಾಗ, ಮೊದಲು ನಗುತ್ತಿದ್ದ ಸ್ವರಗಳೂ ವಿಷಾದವನ್ನೇ ನುಡಿಯುತ್ತವೆ. ಒಂದು ಸ್ವರ ಗಟ್ಟಿಯಾಗಿ, ಮರುಸ್ವರ ಮೆಲ್ಲಗೆ ಎಂಬ ಸೂಚನೆಗಳೂ ಇಲ್ಲಿವೆ. ಅಂದು ರೂಢಿಯಲ್ಲಿದ್ದ ಹಾರ್ಪ್ಸಿಕಾರ್ಡ್ ವಾದ್ಯದಲ್ಲಿ ಬೆರಳನ್ನು ಎಷ್ಟು ಒತ್ತಿದರೂ ನಾದ ಒಂದೇ ಸಮ. ಆಗತಾನೆ ಹರಡುತ್ತಿದ್ದ ಪಿಯಾನೊ ವಾದ್ಯಕ್ಕೆ ಈ ಏರಿಳಿತ ಸುಲಭ. ನಡುಭಾಗ ಶಾಂತ. ಕೊನೆಯ ಭಾಗ ವೇಗವಾಗಿ ಹರಿದರೂ ವಿಷಾದದಲ್ಲಿಯೇ ನಿಲ್ಲುತ್ತದೆ.

1779ರ ಹೊಸ ಕರಾರಿನಲ್ಲಿ ಹಳೆಯ ನಿರ್ಬಂಧ ಉಳಿಯಲಿಲ್ಲ. ಮರುವರ್ಷ ವಿಯೆನ್ನಾದಲ್ಲಿ 6 ಸೋನಾಟಾಗಳ ಸಂಪುಟವೊಂದರಲ್ಲಿ ಈ ಕೃತಿ ಅಚ್ಚಾಯಿತು. ಆ ಸಂಪುಟ ಅರ್ಪಿತವಾದುದು ಪ್ರಭುವಿಗಲ್ಲ, ಆವೆನ್‌ಬ್ರುಗ್ಗರ್ ಸೋದರಿಯರೆಂಬ ಇಬ್ಬರು ವಾದಕಿಯರಿಗೆ.